ಬಳ್ಳಿ ಕೊಡುವ ಕೈ

ಆ ಹೆಂಗಸು ಆಂಧ್ರದ ಗಡಿಯ ಮಡಕಶಿರದಲ್ಲಿ ನನ್ನ ಕಾರ್ಮಿಕ ಕಚೇರಿಯ ಬಾಗಿಲಲ್ಲಿ ಬಹಳ ಹೊತ್ತು ನಿಂತೇ ಇದ್ದಳು. ಒಳಗೆ ಬನ್ನಿ ಎಂದರೂ ಬರಲಿಲ್ಲ. ಕಚೇರಿ ಎಂದರೆ ಒಂದೇ ಕೋಣೆ. ಒಂದು ಮೇಜು, ಎರಡು ಬೀರು, ಗೋಡೆಯ ಮೇಲೆ ಕನಿಷ್ಠ ಕೂಲಿಯ ದರ ಬರೆದ ತೆಲುಗು ಬೋರ್ಡು. ಅಟೆಂಡರ್ ಊಟದ ಡಬ್ಬಿ ಹಿಡಿದು ಹೊರಗೆ ಹೋದ ಮೇಲೆ ಆಕೆ ಒಳಗೆ ಬಂದು, ಕುರ್ಚಿ ಬಿಟ್ಟು ಬೀರುವಿನ ಪಕ್ಕ ನೆಲದ ಮೇಲೆ ಕೂತಳು.

“ನಮ್ಮಕ್ಕನ ಕೈ ಹೋಗಿದ್ದು ಮನೇಲಲ್ಲ ಮೇಡಂ. ಕಡ್ಲೆಕಾಯಿ ಮಷಿನ್ನಾಗೆ” ಎಂದಳು.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ವಾರಗಿತ್ತಿ. ಗಂಡನ ಅಣ್ಣನ ಹೆಂಡತಿ. ಅಮರಾಪುರದ ಆಚೆಗಿನ ಒಂದು ಊರಿನಲ್ಲಿ ಇಬ್ಬರೂ ಒಂದೇ ಅಂಗಳದ ಎರಡು ಮನೆಗಳಲ್ಲಿ ಇದ್ದರು. ಇಬ್ಬರೂ ಒಂದೇ ಗುಂಪಿನಲ್ಲಿ ಕೂಲಿಗೆ ಹೋಗುತ್ತಿದ್ದರು. ಕಡಲೆಕಾಯಿ ಬಳ್ಳಿ ಕಿತ್ತು ಒಣಗಿಸಿದ ಮೇಲೆ ಕಾಯಿ ಬಿಡಿಸಲು ಟ್ರಾಕ್ಟರಿಗೆ ಜೋಡಿಸಿದ ಯಂತ್ರ ಬರುತ್ತದೆ. ಯಂತ್ರದ ಮಾಲೀಕನೇ ಯಂತ್ರವನ್ನೂ ಕೂಲಿ ಹೆಂಗಸರನ್ನೂ ಒಟ್ಟಿಗೆ ಕರೆತಂದು, ರೈತರ ಹೊಲದಲ್ಲಿ ಕೆಲಸ ಮುಗಿಸಿ ಮುಂದಿನ ಊರಿಗೆ ಹೋಗುತ್ತಾನೆ. ಅಂಥ ಒಂದು ಹೊಲದಲ್ಲಿ ಅಕ್ಕನ ಬಲಗೈ ಯಂತ್ರದೊಳಗೆ ಹೋಗಿತ್ತು. ಆಸ್ಪತ್ರೆಯಲ್ಲಿ ಮಾತ್ರ, ಮನೆಯಲ್ಲಿ ಮೇವು ಕತ್ತರಿಸುವಾಗ ಆದ ಗಾಯ ಎಂದು ಎಲ್ಲರೂ ಸೇರಿ ಹೇಳಿದ್ದರು.

“ಯಾಕ ಹಂಗ ಹೇಳಿದ್ರಿ?” ಎಂದು ಕೇಳಿದೆ.

ಆಕೆ ನನ್ನ ಮುಖ ನೋಡಿದಳು. ನನ್ನ ಮಾತು ಆ ಕಡೆಯವರಿಗೆ ಯಾವಾಗಲೂ ಒಂದು ಕ್ಷಣ ತಡವಾಗಿ ಮುಟ್ಟುತ್ತಿತ್ತು. “ನೀವು ಈ ಕಡೇರಲ್ಲ ಅಲ್ವಾ?” ಎಂದಳು. ಉತ್ತರಕ್ಕೆ ಕಾಯದೆ ಎದ್ದಳು. “ನಾನು ಬಂದಿದ್ದೆ ಅಂತ ಯಾರಿಗೂ ಹೇಳ್ಬೇಡಿ. ನಮ್ಮಕ್ಕಂಗಂತೂ ಹೇಳ್ಲೇಬೇಡಿ.”

ಹೌದು, ನಾನು ಆ ಕಡೆಯವಳಲ್ಲ. ನನ್ನದು ರಾಯದುರ್ಗ. ಅಲ್ಲಿ ಸಹಾಯಕ ಕಾರ್ಮಿಕ ಅಧಿಕಾರಿಯಾಗಿ ಜೀನ್ಸ್ ಹೊಲಿಯುವ ಘಟಕಗಳನ್ನು ನೋಡಿಕೊಂಡಿದ್ದೆ. ಮಡಕಶಿರದ ಜಾಗ ಖಾಲಿಯಾಗಿ, ಯಾರೂ ಬರದಿದ್ದಾಗ ನನ್ನನ್ನು ಕಳಿಸಿದರು. ಗಂಡನಿಗೆ ರಾಯದುರ್ಗದಲ್ಲೇ ಪ್ಯಾಂಟ್ ಕಟಿಂಗ್ ಕೆಲಸ, ಬಿಟ್ಟು ಬರುವ ಹಾಗಿರಲಿಲ್ಲ. ಕಲ್ಯಾಣದುರ್ಗ, ಪಾವಗಡ ಎಂದು ಬಸ್ಸು ಬದಲಿಸುತ್ತ ಹೋದರೆ ಅರ್ಧ ದಿನ ದಾರಿಯಲ್ಲೇ ಕಳೆಯುತ್ತಿತ್ತು. ಹಾಗಾಗಿ ಒಂದು ರೇಷ್ಮೆಗೂಡಿನ ಗೋದಾಮಿನ ಮೇಲೆ ಬಾಡಿಗೆ ಕೋಣೆ ಹಿಡಿದಿದ್ದೆ. ಗೂಡಿನ ವಾಸನೆ ಮೊದಮೊದಲು ಊಟ ಸೇರದಂತೆ ಮಾಡುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ಅಭ್ಯಾಸವಾಗದೆ ಉಳಿದದ್ದು ಸಂಜೆಗಳು. ಕಚೇರಿಗೆ ಬೀಗ ಹಾಕಿ ಬಂದರೆ ಮರುದಿನ ಬೀಗ ತೆಗೆಯುವವರೆಗೆ ನನ್ನ ಜೊತೆ ಮಾತಾಡುವವರು ಇರಲಿಲ್ಲ. ಶೇಂಗಾ ಎಂದರೆ ಅಂಗಡಿಯವನು ನಗುತ್ತಿದ್ದ. ಅಲ್ಲಿ ಅದು ಕಡ್ಲೆಕಾಯಿ.

ರಾಯದುರ್ಗದಲ್ಲಿ ತಪಾಸಣೆ ಎಂದರೆ ಒಂದು ಬಾಗಿಲು ತಟ್ಟುವುದು. ಒಳಗೆ ಎಷ್ಟು ಮಷಿನ್, ಎಷ್ಟು ಜನ, ಗಾಳಿ ಬೆಳಕು ಹೇಗಿದೆ, ಎಲ್ಲ ಕಣ್ಣಿಗೆ ಕಾಣುತ್ತದೆ. ಹೊಲಕ್ಕೆ ಬಾಗಿಲಿಲ್ಲ. ಇವತ್ತು ಅಲ್ಲಿದ್ದ ಯಂತ್ರ ನಾಳೆ ಇಲ್ಲ. ಇವತ್ತು ಕೆಲಸ ಕೊಟ್ಟವನು ನಾಳೆ ‘ನನಗೂ ಅವಳಿಗೂ ಏನು ಸಂಬಂಧ’ ಎನ್ನಬಹುದು. ಕಾನೂನು ಹೊಲಗೂಲಿಯವರಿಗೂ ಇದೆ ಎಂದು ನಾನು ಸಭೆಗಳಲ್ಲಿ ಹೇಳುತ್ತಿದ್ದೆನೇ ಹೊರತು, ಅದನ್ನು ಹಿಡಿದು ಒಂದು ಹೊಲದೊಳಗೆ ನಡೆದದ್ದು ಆವರೆಗೆ ಇರಲಿಲ್ಲ.

ಆ ವಾರವೇ ಅವರ ಊರಿಗೆ ಹೋದೆ. ಆಸ್ಪತ್ರೆಯಿಂದ ಮಾಹಿತಿ ಬಂತು, ವಿಚಾರಿಸಲು ಬಂದಿದ್ದೇನೆ ಎಂದು ಹೇಳಿಕೊಂಡೆ. ಗಾಯಗೊಂಡಾಕೆ ಜಗುಲಿಯ ಮೇಲೆ ಗೋಡೆಗೊರಗಿ ಕೂತಿದ್ದಳು. ನಲವತ್ತರ ಆಸುಪಾಸು, ಗಟ್ಟಿಮುಟ್ಟಾದ ಮೈ. ಮೊಣಕೈಯ ಕೆಳಗೆ ಬಟ್ಟೆ ಸುತ್ತಿದ ಮೊಂಡು ತೋಳು. ಅದನ್ನು ಸೆರಗಿನಿಂದ ಮುಚ್ಚಲು ಎಡಗೈಯಿಂದ ಒದ್ದಾಡುತ್ತಿದ್ದಳು. ವಾರಗಿತ್ತಿ ನನಗೆ ನೀರು ಕೊಟ್ಟು, ಗುರುತೇ ಇಲ್ಲದವಳ ಹಾಗೆ ಒಳಗೆ ಹೋದಳು.

“ಮೇವು ಕತ್ತರಿಸ್ತಿದ್ದೆ ಮೇಡಂ. ಕೈ ಸಿಕ್ಕೊಂತು” ಎಂದಳು ಆಕೆ. ಕಲಿತ ಪಾಠ ಒಪ್ಪಿಸಿದಂತಿತ್ತು.

“ಆ ಮಷಿನ್ ಎಲ್ಲೈತ್ರಿ ಯಕ್ಕಾ?”

“ಮಾರಿಬಿಟ್ವಿ.”

ನಾನು ಅಂಗಳದ ಸುತ್ತ ನೋಡಿದೆ. ಮುಳ್ಳುಬೇಲಿಯ ಕುರಿದೊಡ್ಡಿ ಇತ್ತು, ಕುರಿಗಳು ಮೇಯಲು ಹೋಗಿದ್ದವು, ಹಿಕ್ಕೆಯ ವಾಸನೆ ಇತ್ತು. ದನ ಕಟ್ಟುವ ಗೂಟ ಒಂದೂ ಇರಲಿಲ್ಲ, ಗೊಂತು ಇರಲಿಲ್ಲ, ಮೇವಿನ ಬಣವೆ ಇರಲಿಲ್ಲ. ಬಯಲಲ್ಲಿ ಮೇಯುವ ಕುರಿಗಳಿಗೆ ಯಾರೂ ಕರೆಂಟಿನ ಯಂತ್ರದಲ್ಲಿ ಮೇವು ಕತ್ತರಿಸುವುದಿಲ್ಲ. ನನ್ನ ಕಣ್ಣು ಎಲ್ಲೆಲ್ಲಿ ಹೋಗಿ ಬಂತು ಎಂಬುದನ್ನು ಆಕೆಯೂ ನೋಡಿದಳು.

ಆಮೇಲೆ ಆಕೆ ದನಿ ತಗ್ಗಿಸಿ ಹೇಳಿದಳು. “ನಮ್ಮ ಕೇರಿ ಹೆಂಗಸ್ರೆಲ್ಲಾ ಅವನ ಮಷಿನ್ ಹಿಂದೇನೇ ಹೋಗೋದು. ನಾನೊಬ್ಳು ಬಾಯಿ ಬಿಟ್ರೆ ಎಲ್ರನ್ನೂ ಬಿಡ್ತಾನೆ. ನನ್ ಕೈ ಹೋಗಾಯ್ತು. ಅವ್ರ ಕೆಲ್ಸ ಯಾಕೆ ಹೋಗ್ಬೇಕು?”

“ನೀವು ಅರ್ಜಿ ಕೊಟ್ರ ಮಾತ್ರ ನಾನು ಮುಂದ ಹೋಗಬಹುದು ಯಕ್ಕಾ.”

“ಹಂಗಾದ್ರೆ ಹೋಗ್ಬೇಡಿ.”

ಕಚೇರಿಗೆ ಬಂದು ಕಾನೂನು ಪುಸ್ತಕ ತೆಗೆದೆ. ಕೆಲಸದಲ್ಲಿ ಗಾಯಗೊಂಡವರ ಪರಿಹಾರದ ಕಾಯ್ದೆಯಲ್ಲಿ ಎಲ್ಲ ಹೊಲಗೂಲಿಯವರೂ ಬರುವುದಿಲ್ಲ. ಆದರೆ ಟ್ರಾಕ್ಟರ್ ಅಥವಾ ಬೇರೆ ಯಂತ್ರಶಕ್ತಿಯಿಂದ ನಡೆಯುವ ಬೇಸಾಯದಲ್ಲಿ ದುಡಿಯುವವರು ಬರುತ್ತಾರೆ ಎಂದು ಅನುಸೂಚಿಯ ಒಂದು ಸಾಲು ಹೇಳುತ್ತದೆ. ಕೈಯಿಂದ ಕಳೆ ಕೀಳುತ್ತಿದ್ದರೆ ಆಕೆ ಹೊರಗೆ, ಟ್ರಾಕ್ಟರಿಗೆ ಕಟ್ಟಿದ ಯಂತ್ರಕ್ಕೆ ಬಳ್ಳಿ ಕೊಡುತ್ತಿದ್ದರೆ ಆಕೆ ಒಳಗೆ. ಅದಕ್ಕೇ ಮೇವಿನ ಕಥೆ ಬೇಕಾಗಿತ್ತು. ಮನೆಯಲ್ಲಾದ ಗಾಯಕ್ಕೆ ಮಾಲೀಕನೇ ಇಲ್ಲ.

ಇನ್ನೊಂದು ಕಾನೂನೂ ಇದೆ. ಹಳ್ಳಿಗಳಲ್ಲಿ ಬಳಸುವ ಅಪಾಯಕಾರಿ ಯಂತ್ರಗಳ ಬಗ್ಗೆ ಎಂದೋ ಮಾಡಿದ್ದು. ಬಳ್ಳಿ, ತೆನೆ ಒಡ್ಡುವ ಬಾಯಿಯಿಂದ ಒಳಗಿನ ಹಲ್ಲುಗಳಿಗೆ ಕೈ ಮುಟ್ಟದಂತೆ ಉದ್ದನೆಯ, ಅರ್ಧ ಮುಚ್ಚಿದ ತಗಡಿನ ದೋಣಿ ಇರಬೇಕು, ತಿರುಗುವ ಶಾಫ್ಟಿಗೆ ಕವಚ ಇರಬೇಕು ಎನ್ನುವುದು ಅದರ ಸಾರ. ಇದನ್ನು ಜಾರಿ ಮಾಡುವವರು ಯಾರು ಎಂದು ಕೇಳುತ್ತ ಹೋದೆ. ವ್ಯವಸಾಯ ಇಲಾಖೆಯವರು ‘ಕಾರ್ಮಿಕರ ವಿಷಯ, ನಿಮ್ಮದೇ’ ಎಂದರು. ನಮ್ಮ ಮೇಲಧಿಕಾರಿ ಫೋನಿನಲ್ಲಿ ‘ವ್ಯವಸಾಯದ ಯಂತ್ರ, ಅವರದೇ’ ಎಂದರು. ಕೆಟ್ಟವರೇನಲ್ಲ ಅವರು. “ಅಮ್ಮಾ, ಗಾಯ ಆದವಳೇ ಇಲ್ಲ ಅಂತಿದ್ದಾಳೆ. ನೀನು ಒಬ್ಬಳೇ ಏನು ಮಾಡ್ತೀಯ? ವಿಚಾರಣೆ ಮಾಡಿದೆ ಅಂತ ಬರೆದು ಫೈಲು ಮುಚ್ಚು” ಎಂದರು.

ಒಂದು ದಾರಿ ಇತ್ತು. ವಾರಗಿತ್ತಿ ನನ್ನೆದುರು ಹೇಳಿದ್ದಳು. ಆಕೆಗೆ ಸಾಕ್ಷಿಯ ನೋಟಿಸು ಕೊಟ್ಟು ಕರೆಸಿದರೆ ಆಕೆ ಸುಳ್ಳು ಹೇಳುವ ಪೈಕಿ ಅಲ್ಲ. ನೋಟಿಸು ಟೈಪ್ ಮಾಡಿ ಸಹಿಯನ್ನೂ ಹಾಕಿದೆ. ಸಂಜೆ ಕೋಣೆಗೆ ಹೋಗಿ ಅನ್ನಕ್ಕಿಟ್ಟು ಅದನ್ನೇ ಯೋಚಿಸುತ್ತ ಕೂತೆ. ಪೊಲೀಸಿನವನೋ ಗ್ರಾಮ ಸಚಿವಾಲಯದವನೋ ಆ ನೋಟಿಸನ್ನು ಆ ಅಂಗಳದಲ್ಲಿ ನಿಂತು ಹೆಸರು ಕೂಗಿ ಕೊಡುತ್ತಾನೆ. ಅಲ್ಲಿಂದ ಮುಂದೆ ಆ ಎರಡು ಮನೆಗಳ ನಡುವೆ ಏನು ಉಳಿಯುತ್ತದೆ? ಒಂದು ಕೈಯಲ್ಲಿ ಸೀರೆ ಉಡಲಾರದವಳಿಗೆ ಸೀರೆ ಉಡಿಸುವವಳು ಅದೇ ವಾರಗಿತ್ತಿ. ಗಂಡನಿಗೆ ಫೋನ್ ಮಾಡಿದೆ. ಹಿಂದೆ ಹೊಲಿಗೆ ಮಷಿನ್‌ಗಳ ಸದ್ದು. ಅವರು ಪೂರ್ತಿ ಕೇಳಿ, “ನೀ ಏನ್ ಮಾಡಿದ್ರೂ ವಿಚಾರ ಮಾಡೇ ಮಾಡ್ತಿ. ಊಟ ಮಾಡ್ದಿ ಇಲ್ಲೊ?” ಎಂದರು. ಊಟ ಆಯಿತು ಎಂದೆ. ಆಗಿರಲಿಲ್ಲ.

ಮರುದಿನ ನೋಟಿಸು ಹರಿದು ಹಾಕಿದೆ. ಹೆಂಗಸರನ್ನು ಬಿಟ್ಟು ಯಂತ್ರದ ಹಿಂದೆ ಹೋಗುವುದೆಂದು ತೀರ್ಮಾನಿಸಿದೆ. ಹೋದ ಕೈ ಬಗ್ಗೆ ಯಾರೂ ಬಾಯಿ ಬಿಡದಿದ್ದರೂ, ಸುಗ್ಗಿ ಮುಗಿಯುವವರೆಗೆ ಆ ಯಂತ್ರಕ್ಕೆ ದಿನವೂ ಯಾರೋ ಕೈ ಒಡ್ಡುತ್ತಿರುತ್ತಾರೆ. ಅದನ್ನು ನೋಡಲು ನನಗೆ ಯಾರ ಅರ್ಜಿಯೂ ಬೇಕಾಗಿಲ್ಲ.

ಮೊದಲ ಸಲ ಹೋದಾಗ ಹೊಲದಲ್ಲಿ ಹೊಟ್ಟಿನ ರಾಶಿ ಮಾತ್ರ ಇತ್ತು. ಯಂತ್ರ ಹಿಂದಿನ ದಿನವೇ ಜಾಗ ಬದಲಿಸಿತ್ತು. ಎರಡನೆಯ ಸಲ ಯಂತ್ರ ಸಿಕ್ಕಿತು. ಅದರ ಬಾಯಿಗೆ ಬೇಕಾದಂಥದೇ ತಗಡಿನ ದೋಣಿಯೂ ಇತ್ತು. ಮಾಲೀಕ ಕುರ್ಚಿ ತರಿಸಿದ, ಎಳನೀರು ಕೊಡಿಸಿದ. ನಾನು ಬಗ್ಗಿ ನೋಡಿದೆ. ಯಂತ್ರವೆಲ್ಲ ಮಣ್ಣು, ಜಿಡ್ಡು. ದೋಣಿಯ ನಾಲ್ಕು ಬೋಲ್ಟ್ ಮಾತ್ರ ಅಂಗಡಿಯಿಂದ ಆಗಷ್ಟೇ ಬಂದಂತೆ ಹೊಳೆಯುತ್ತಿದ್ದವು. ಕಚೇರಿಯಿಂದ ನಾನು ಹತ್ತಿದ ಆಟೋ ಊರು ಬಿಡುವಾಗಲೇ ಅವನಿಗೆ ಸುದ್ದಿ ಮುಟ್ಟಿತ್ತು. ರಾಯದುರ್ಗದಲ್ಲಿ ನಾನು ಇದನ್ನು ಬೇಕಾದಷ್ಟು ಸಲ ಕಂಡಿದ್ದೇನೆ. ಹೊಲಿಗೆ ಮಷಿನ್ನಿನ ಸೂಜಿಗೆ ಬೆರಳು ಸಿಗದಂತೆ ಒಂದು ತಂತಿಯ ತಡೆ ಇರುತ್ತದೆ. ಕೈ ಓಡುವುದಿಲ್ಲ ಎಂದು ಅದನ್ನು ಬಿಚ್ಚಿಡುತ್ತಾರೆ. ತಪಾಸಣೆಯ ದಿನ ಹಾಕುತ್ತಾರೆ.

ಮೂರನೆಯ ಸಲ ಅಟೆಂಡರಿಗೂ ಹೇಳಲಿಲ್ಲ. ಸಾದಾ ಸೀರೆ ಉಟ್ಟು ಅಮರಾಪುರದ ಬಸ್ಸಿನಲ್ಲಿ ಹೋಗಿ ಕ್ರಾಸಿನಲ್ಲಿ ಇಳಿದು ನಡೆದೆ. ಯಂತ್ರದ ಸದ್ದು ದೂರದಿಂದಲೇ ಕೇಳುತ್ತಿತ್ತು. ಆ ಸದ್ದು ಹಿಡಿದು ಬದುವಿನ ಮೇಲೆ ಹೋದರೆ ಹೊಟ್ಟಿನ ಧೂಳು ಮುಸುಕಿದ ಹೊಲ. ಹೆಂಗಸರು ತಲೆಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಳ್ಳಿಯ ಕಟ್ಟು ಹೊರುತ್ತಿದ್ದರು. ಒಬ್ಬಳು ಬಳ್ಳಿಯ ರಾಶಿಯ ಮೇಲೆ ನಿಂತು ಯಂತ್ರದ ಬಾಯಿಗೆ ಬಳ್ಳಿ ತುರುಕುತ್ತಿದ್ದಳು. ದೋಣಿ ಇರಲಿಲ್ಲ. ಅವಳ ಅಂಗೈಗೂ ತಿರುಗುವ ಹಲ್ಲುಗಳಿಗೂ ಮಧ್ಯೆ ಒಂದು ಹಿಡಿ ಬಳ್ಳಿ, ಅಷ್ಟೇ. ಟ್ರಾಕ್ಟರಿನ ಹಿಂದೆ ತಿರುಗುವ ಶಾಫ್ಟಿನ ಪಕ್ಕದಲ್ಲೇ ಇನ್ನೊಬ್ಬಳು ಸೆರಗು ಹಾರಿಸಿಕೊಂಡು ಓಡಾಡುತ್ತಿದ್ದಳು.

ನಾನು ಡ್ರೈವರನ ಹತ್ತಿರ ಹೋಗಿ ಗುರುತಿನ ಚೀಟಿ ತೋರಿಸಿದೆ. “ಆಫ್ ಮಾಡ್ರಿ” ಎಂದೆ. ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಕೈ ಅಡ್ಡ ಮಾಡಿ ತೋರಿಸಿದೆ. ಆಫ್ ಮಾಡಿದ.

ಆ ಸದ್ದು ನಿಂತ ಮೇಲಿನ ಮೌನದಲ್ಲಿ ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಯಾರಿಗಾಗಿ ಬಂದಿದ್ದೆನೋ ಅವರ ಮುಖದಲ್ಲೇ ಸಿಟ್ಟು ಇತ್ತು. ಆಕಾಶ ನೋಡಿದರು. ಪಡುವಣದಲ್ಲಿ ಮೋಡ ಕಟ್ಟಿತ್ತು. ಕಾಯಿ ಬಿಡಿಸುವುದು ನಿಂತರೆ ಆ ದಿನದ ಕೆಲಸ ನಿಂತಂತೆ. ಬಳ್ಳಿ ನೆನೆದರೆ ರೈತನ ಬೆಳೆ ಹಾಳಾದಂತೆ. ರೈತ, ವಯಸ್ಸಾದವರು, ರುಮಾಲು ಬಿಚ್ಚಿ ಮುಖ ಒರೆಸಿಕೊಂಡು, “ಇವತ್ತೊಂದಿನ ಬಿಡಿ ತಾಯೀ” ಎಂದರು.

ಗುಂಪಿನ ಹಿರಿಯಳೊಬ್ಬಳು ಮೂಗಿನ ಬಟ್ಟೆ ಇಳಿಸಿ ನನ್ನ ಮುಂದೆ ಬಂದಳು. “ಕೈ ನಮ್ದು, ಹೊಟ್ಟೆನೂ ನಮ್ದು. ನಿಮ್ಗೇನಮ್ಮ ಕಷ್ಟ? ನೀವು ಸಂಬಳದೋರು, ಮಳೆ ಬಂದ್ರೂ ನಿಮ್ಗೆ ನಡೀತೈತೆ.”

“ದೋಣಿ ತಂದು ಹಾಕ್ಲಿ ಯವ್ವಾ, ಹಾಕಿದ್ ಕೂಡ್ಲೇ ಶುರು ಮಾಡ್ರಿ. ಅಲ್ಲೀತನಕ ನಾನು ಇಲ್ಲಿಂದ ಹೋಗಂಗಿಲ್ಲ” ಎಂದು ಮಾತ್ರ ಹೇಳಿದೆ. ನಿಜ ಹೇಳಬೇಕೆಂದರೆ ಯಂತ್ರ ವಶಪಡಿಸಿಕೊಳ್ಳುವ ಅಧಿಕಾರ ನನಗಿತ್ತೋ ಇಲ್ಲವೋ ಆ ಹೊತ್ತಿಗೂ ನನಗೆ ಖಚಿತವಿರಲಿಲ್ಲ. ನನ್ನ ಕೈಲಿದ್ದದ್ದು ಒಂದು ತಪಾಸಣೆಯ ನೋಟಿಸು, ಅಲ್ಲಿಂದ ಕದಲದೆ ನಿಲ್ಲುವ ಕಾಲು.

ಅಷ್ಟರಲ್ಲಿ ಮಾಲೀಕ ಬೈಕಿನಲ್ಲಿ ಬಂದ. ಹಿಂದಿನ ಸಲ ಮೇಡಂ ಮೇಡಂ ಎಂದು ನಯವಾಗಿ ಮಾತಾಡಿದವನು ಅವತ್ತು ಬೈಕಿನಿಂದ ಇಳಿಯುವ ಮೊದಲೇ ಕೂಗಾಡತೊಡಗಿದ. “ದೋಣಿ ಹಾಕಿದ್ರೆ ಬಳ್ಳಿ ಸಿಕ್ಕೊಂತೈತೆ, ಕೆಲ್ಸ ಸಾಗಲ್ಲ. ಇಷ್ಟು ವರ್ಸದಿಂದ ಮಷಿನ್ ಹೊಡೀತಿದ್ದೀನಿ, ಯಾರ್‌ಗೇನಾಗೈತೆ? ಯಾರೋ ಒಬ್ಳು ಬುದ್ಧಿಯಿಲ್ದೆ, ಅಜಾಗ್ರತೆಯಿಂದ ಕೈ ಕೊಟ್ಳು ಅಂದ್ರೆ ಅದಕ್ಕೆ ನನ್ ಮಷಿನ್ ಏನ್ ಮಾಡ್ತೈತೆ?”

ಮಾತು ಹೊರಬಿದ್ದ ಮೇಲೆ ಅವನಿಗೇ ತಿಳಿಯಿತು. ಅಲ್ಲಿಯವರೆಗೆ ಆ ಸೀಮೆಯಲ್ಲಿ ಎಲ್ಲರೂ ಕಾಪಾಡಿಕೊಂಡು ಬಂದಿದ್ದ ಮೇವಿನ ಕಥೆಯನ್ನು ಅದರ ಯಜಮಾನನೇ ಒಡೆದಿದ್ದ.

“ಯಾವ ಮಷಿನ್‌ಗೆ ಕೈ ಕೊಟ್ಲು ಅಂದ್ರಿ?” ಎಂದೆ.

ಅವನು ಮುಖ ಪಕ್ಕಕ್ಕೆ ತಿರುಗಿಸಿದ. ನಾನು ಬದುವಿನ ಮೇಲೆ ಕೂತು ಅವನು ಆಡಿದ ಮಾತನ್ನು ಆಡಿದಂತೆಯೇ ಬರೆದು, ಗಟ್ಟಿಯಾಗಿ ಓದಿದೆ. ಕೇಳಿಸಿಕೊಂಡವರು ಸಾಕ್ಷಿಗೆ ಸಹಿ ಹಾಕಬಹುದೇ, ಹೆಬ್ಬೆಟ್ಟು ಒತ್ತಬಹುದೇ ಎಂದು ಕೇಳಿದೆ. ರೈತರು ಬಳ್ಳಿಯ ರಾಶಿಗೆ ಟಾರ್ಪಾಲು ಹೊದಿಸಲು ಹೋದರು. ಹೆಂಗಸರು ಒಬ್ಬರ ಹಿಂದೊಬ್ಬರು ಹೊಂಗೆ ಮರದ ನೆರಳಿಗೆ ಹೋಗಿ ಬುತ್ತಿ ಬಿಚ್ಚಿದರು. ಕೆಳಗೆ ನನ್ನ ಸಹಿ ಒಂದೇ ಬಿತ್ತು.

ನಮ್ಮ ಕಡೆ ಹೊಲದಲ್ಲಿ ಬುತ್ತಿ ಬಿಚ್ಚಿದವರು ದಾರಿಹೋಕರನ್ನೂ “ಬರ್ರಿ, ಉಣ್ಣಾಕ” ಎಂದು ಕರೆಯುತ್ತಾರೆ. ಈ ಕಡೆಯೂ ಹಾಗೇ. ಅವತ್ತು ಯಾರೂ ನನ್ನನ್ನು ಕರೆಯಲಿಲ್ಲ. ನಾನು ಆಫ್ ಆಗಿದ್ದ ಯಂತ್ರದ ಪಕ್ಕ, ನೆರಳಿಲ್ಲದ ಕಡೆ ಕೂತಿದ್ದೆ. ಅವರ ಮಾತು, ನಗು ಕೇಳುತ್ತಿತ್ತು. ಆ ಮಾತು ನನ್ನ ಬಗ್ಗೆಯೇ ಎಂದು ಗೊತ್ತಾಗುತ್ತಿತ್ತು. ಮಾಲೀಕ ಡ್ರೈವರನನ್ನು ಕಳಿಸಿ ದೋಣಿ ತರಿಸಿದ. ಬೋಲ್ಟ್ ಬಿಗಿದು ಮುಗಿಯುವವರೆಗೆ ನಾನು ಕಣ್ಣು ತೆಗೆಯಲಿಲ್ಲ. ಶಾಫ್ಟಿಗೆ ಗೋಣಿಚೀಲ ಸುತ್ತಲು ಹೋದರು, ಅದು ಇನ್ನೂ ಅಪಾಯ ಎಂದು ತೆಗೆಸಿ, ಅದರ ಸುತ್ತ ಗಳ ನೆಟ್ಟು ಹಗ್ಗ ಕಟ್ಟಿಸಿದೆ. ಯಂತ್ರ ಮತ್ತೆ ಶುರುವಾಯಿತು. ಪುಣ್ಯಕ್ಕೆ ಮೋಡ ಹಾಗೇ ಚೆದುರಿ ಹೋಯಿತು. ನಾನು ಕ್ರಾಸಿನವರೆಗೆ ನಡೆದು ಬಸ್ಸಿಗೆ ಕಾಯುವಾಗ, ಅವತ್ತು ಮಳೆ ಬಂದಿದ್ದರೆ ಆ ರೈತರ ಮುಖವನ್ನು ಜನ್ಮದಲ್ಲಿ ಮರೆಯಲಾಗುತ್ತಿರಲಿಲ್ಲ ಎಂದುಕೊಂಡೆ. ಸೀರೆಯ ತುಂಬ ಹೊಟ್ಟಿನ ಧೂಳು ಇತ್ತು. ಬಸ್ಸಿನಲ್ಲಿ ಪಕ್ಕ ಕೂತಾಕೆ ಸ್ವಲ್ಪ ಸರಿದು ಕೂತಳು.

ನಾಳೆ ಮತ್ತೆ ದೋಣಿ ಬಿಚ್ಚುತ್ತಾರೆ, ನನ್ನ ಒಂಟಿ ಸಹಿಯ ಕಾಗದಕ್ಕೆ ಬೆಲೆಯಿಲ್ಲ ಎಂದುಕೊಂಡೇ ಆ ವಾರ ಕಳೆಯಿತು. ಮೇಲಧಿಕಾರಿಗೆ ವರದಿ ಕಳಿಸಿದೆ. ಉತ್ತರ ಬರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ನಾನು ಕಚೇರಿಯ ಬೀಗ ತೆಗೆಯಲು ಹೋದರೆ ಮೆಟ್ಟಿಲ ಮೇಲೆ ಕೈ ಕಳೆದುಕೊಂಡಾಕೆ ಕೂತಿದ್ದಳು. ಪಕ್ಕದಲ್ಲಿ ವಾರಗಿತ್ತಿ. ಮೊದಲ ಬಸ್ಸಿಗೇ ಬಂದಿದ್ದರು. ಮೊಂಡು ತೋಳನ್ನು ಸೆರಗಿನಿಂದ ಮುಚ್ಚಿರಲಿಲ್ಲ.

“ಅಜಾಗ್ರತೆ ಅಂದ್ನಂತೆ” ಎಂದಳು. ಹೊಲದಲ್ಲಿದ್ದ ಹೆಂಗಸರು ನನಗೆ ಸಹಿ ಹಾಕದಿದ್ದರೂ ಮಾತನ್ನು ಮನೆಗೆ ಹೊತ್ತೊಯ್ದಿದ್ದರು. “ಬುದ್ಧಿಯಿಲ್ದೆ ಕೈ ಕೊಟ್ಳು ಅಂದ್ನಂತೆ. ಅಷ್ಟು ಜನದ ಮುಂದೆ. ಹೌದಾ ಮೇಡಂ?”

ಹೌದು ಎಂದೆ.

“ನಾನು ಅವನ ಹೆಸ್ರು ಎಲ್ಲೂ ಎತ್ಲಿಲ್ಲ. ಮನೆ ಮೇಲೆ ಹಾಕ್ಕೊಂಡೆ. ಅವ್ನು ನನ್ನ ಕೆಲ್ಸ ಬರ್ದೋಳು ಅಂತಾನಾ? ಆ ಮಷಿನ್‌ಗೆ ಬಳ್ಳಿ ಕೊಡೋದು ಕೇರಿ ಹೆಂಗಸ್ರಿಗೆಲ್ಲ ಕಲ್ಸಿದ್ದೇ ನಾನು. ಬರ್ಕೊಳ್ಳಿ ಮೇಡಂ. ಎಲ್ಲಾ ಹೇಳ್ತೀನಿ.”

ಬರೆದುಕೊಂಡೆ. ಬಳ್ಳಿ ಸರಿಯಾಗಿ ಒಣಗಿರಲಿಲ್ಲ. ಹಸಿ ಬಳ್ಳಿ ಒಳಗೆ ಸುತ್ತಿಕೊಂಡು ಯಂತ್ರ ಕಟ್ಟಿಕೊಳ್ಳುತ್ತಿತ್ತು. ನಿಲ್ಲಿಸಿ ಬಿಡಿಸೋಣ ಎಂದು ಆಕೆ ಕೇಳಿದ್ದಳು. ನಿಲ್ಲಿಸಿದರೆ ಹೊತ್ತಾಗುತ್ತದೆ, ಕೈಯಿಂದ ಒಳಗೆ ದೂಡು ಎಂದು ಮಾಲೀಕನೇ ನಿಂತು ಹೇಳಿದ್ದ. ದೂಡಿದಾಗ ಯಂತ್ರ ಬಳ್ಳಿಯನ್ನು ಒಮ್ಮೆಗೇ ಒಳಗೆ ಎಳೆಯಿತು. ಬಳ್ಳಿ ಬೆರಳಿಗೆ ಸುತ್ತಿಕೊಂಡಿತ್ತು. ಆಕೆ ಇದನ್ನು ಹೇಳುವಾಗ ಎಡಗೈಯನ್ನು ಗಾಳಿಯಲ್ಲಿ ಮುಂದೆ ಚಾಚಿ, ಬಳ್ಳಿ ಹೇಗೆ ಹಿಡಿಯಬೇಕು, ಯಾವಾಗ ಬಿಡಬೇಕು ಎಂದು ತೋರಿಸಿದಳು.

ಕಚೇರಿಯ ಕಾಗದ ತೆಲುಗಿನಲ್ಲಿ ಇರಬೇಕು. ನಾನು ಆಕೆಯ ಕನ್ನಡ ಕೇಳಿ ತೆಲುಗಿನಲ್ಲಿ ಬರೆದು, ಒಂದೊಂದು ವಾಕ್ಯವನ್ನೂ ಮತ್ತೆ ಕನ್ನಡದಲ್ಲಿ ಓದಿ ಹೇಳಿದೆ. “ನಿಲ್ಲಿಸೋಣ ಅಂತ ನಾನು ಕೇಳ್ದೆ, ಅದು ಬಂದೈತಾ?” ಎಂದು ಆಕೆ ಮತ್ತೆ ಮತ್ತೆ ವಿಚಾರಿಸಿದಳು. ಕಾನೂನಿನ ಪ್ರಕಾರ ಅದು ಅಷ್ಟು ಮುಖ್ಯವಲ್ಲ. ಕೆಲಸಗಾರಳ ಬರೀ ಅಜಾಗ್ರತೆ ಪರಿಹಾರ ತಪ್ಪಿಸಲು ಸಾಕಾಗುವುದಿಲ್ಲ. ಕುಡಿದಿರಬೇಕು, ಬೇಕೆಂದೇ ಅಪ್ಪಣೆ ಮೀರಿರಬೇಕು, ತಾನೇ ಬೇಕೆಂದು ತಡೆ ಕಿತ್ತಿರಬೇಕು. ಇದನ್ನು ಆಕೆಗೆ ವಿವರಿಸಿದೆ. “ಕಾನೂನಿಗೆ ಬ್ಯಾಡದಿದ್ರೆ ಬ್ಯಾಡ. ನನ್ಗೆ ಬೇಕು” ಎಂದಳು. ಬರೆದ ಸಾಲನ್ನು ಮತ್ತೊಮ್ಮೆ ಓದಿ ತೋರಿಸಿದೆ. ಎಡಗೈ ಹೆಬ್ಬೆಟ್ಟನ್ನು ಶಾಯಿಗೆ ಅದ್ದಿ ಒತ್ತಿದಳು.

ವಾರಗಿತ್ತಿ ಅಷ್ಟೂ ಹೊತ್ತು ಬೀರುವಿನ ಪಕ್ಕ ಕೂತು ನೆಲ ನೋಡುತ್ತಿದ್ದಳು. ಸಾಕ್ಷಿ ಬೇಕಾಗುತ್ತದೆ, ಆದರೆ ಯಾರನ್ನೂ ಬಲವಂತ ಮಾಡುವುದಿಲ್ಲ ಎಂದೆ. ಆಕೆ ತಲೆಯೆತ್ತುವ ಮೊದಲೇ ಅಕ್ಕ ಹೇಳಿದಳು. “ಅವಳು ಹೇಳ್ತಾಳೆ. ಅವಳು ಅವತ್ತು ನಿಮ್ಮತ್ರ ಬಂದಿದ್ದೂ ನನ್ಗೊತ್ತು ಮೇಡಂ. ಬ್ಯಾಡ ಅನ್ಬೌದಾಗಿತ್ತು. ಅನ್ಲಿಲ್ಲ.” ವಾರಗಿತ್ತಿ ಸೆರಗು ಬಾಯಿಗೆ ಹಿಡಿದು ಅತ್ತಳು. ನಾನು ಫೈಲಿಗೆ ದಾರ ಕಟ್ಟುವ ನೆಪದಲ್ಲಿ ಅತ್ತ ತಿರುಗಿದೆ.

ವಿಚಾರಣೆ ಅನಂತಪುರದಲ್ಲಿ ನಡೆಯಿತು. ಹಲವು ವಾಯಿದೆಗಳಾದವು. ಮಾಲೀಕನ ಪರ ವಕೀಲರು, ಆಕೆ ಬಳ್ಳಿ ಹೊರಲು ಬಂದವಳು, ಯಂತ್ರದ ಕೆಲಸದವಳಲ್ಲ, ಹಾಗಾಗಿ ಕಾಯ್ದೆಗೆ ಬರುವುದಿಲ್ಲ ಎಂದು ವಾದಿಸಿದರು. ಆಸ್ಪತ್ರೆಯಲ್ಲಿ ಮೇವಿನ ಯಂತ್ರ ಎಂದು ಹೇಳಿದ್ದನ್ನೂ ಎತ್ತಿದರು. “ಅವತ್ತು ಸುಳ್ಳು ಹೇಳಿದಿರಾ, ಇವತ್ತು ಸುಳ್ಳು ಹೇಳುತ್ತಿದ್ದೀರಾ?” ಎಂದು ಕೇಳಿದರು.

“ಅವತ್ತು” ಎಂದಳು ಆಕೆ.

ವಾರಗಿತ್ತಿ ಎದ್ದು ನಿಂತು, ತಾನು ಪಕ್ಕದಲ್ಲಿದ್ದುದು, ಟ್ರಾಕ್ಟರ್ ಆಫ್ ಮಾಡು ಎಂದು ಕಿರುಚಿದ್ದು, ಎಲ್ಲ ಹೇಳಿದಳು. ಹೊಲದ ಮಾತಿನ ಬಗ್ಗೆ ನಾನೂ ಹೇಳಿಕೆ ಕೊಟ್ಟೆ. ಎಲ್ಲ ಮುಗಿದು ಬಸ್ ನಿಲ್ದಾಣಕ್ಕೆ ಬಂದೆವು. ಆಕೆಯ ಕೂದಲು ಬಿಚ್ಚಿಹೋಗಿತ್ತು. ವಾರಗಿತ್ತಿ ಆಕೆಯನ್ನು ಸಿಮೆಂಟು ಬೆಂಚಿನ ಮೇಲೆ ಕೂರಿಸಿ, ಜನರ ಮಧ್ಯೆಯೇ ಹಿಂದೆ ನಿಂತು ಜಡೆ ಹಾಕಿದಳು. ಇಬ್ಬರೂ ಬೆಳಗಿನಿಂದ ಒಂದು ಮಾತನ್ನೂ ಆಡಿಕೊಂಡಿರಲಿಲ್ಲ, ಆಗಲೂ ಆಡಲಿಲ್ಲ. ಅವರ ಬಸ್ಸು ಮೊದಲು ಬಂತು. ಹತ್ತಿದ ಮೇಲೆ ಕಿಟಕಿಯಿಂದ ಕೈ ಬೀಸುತ್ತಾರೇನೋ ಎಂದು ನಿಂತಿದ್ದೆ. ಅವರು ಸೀಟು ಹಿಡಿಯುವ ಗಡಿಬಿಡಿಯಲ್ಲಿದ್ದರು.

ಆದೇಶ ಬರುವ ಹೊತ್ತಿಗೆ ನನ್ನನ್ನು ರಾಯದುರ್ಗಕ್ಕೆ ವಾಪಸು ಕಳಿಸಿದ್ದರು. ಯಂತ್ರಕ್ಕೆ ಬಳ್ಳಿ ಕೊಡುತ್ತಿದ್ದಾಕೆ ಕಾಯ್ದೆಯೊಳಗಿನ ಕೆಲಸಗಾರಳೇ, ಗುಂಪು ಕರೆತಂದ ಯಂತ್ರದ ಮಾಲೀಕನೇ ಆಕೆಗೆ ಕೆಲಸ ಕೊಟ್ಟವನು ಎಂದು ಅದರಲ್ಲಿ ಬರೆದಿತ್ತು. ಪರಿಹಾರ ಕೊಡಬೇಕು ಎಂದಿತ್ತು. ಮಡಕಶಿರಕ್ಕೆ ಹೊಸದಾಗಿ ಬಂದವರು ಫೋನ್ ಮಾಡಿ ಓದಿ ಹೇಳಿದರು. ಆಕೆ ಹೆದರಿದ್ದದ್ದೂ ಸುಳ್ಳಾಗಲಿಲ್ಲ. ಮುಂದಿನ ಸುಗ್ಗಿಗೆ ಮಾಲೀಕ ಆ ಕೇರಿಯ ಹೆಂಗಸರನ್ನು ಕರೆಯಲಿಲ್ಲ. ಕೆಲವರು ಪಾವಗಡದ ಕಡೆಯ ಇನ್ನೊಂದು ಯಂತ್ರದವರ ಜೊತೆ ಹೋದರು, ಕೆಲವರು ಹಿಂದೂಪುರಕ್ಕೆ ಗಾರೆ ಕೆಲಸಕ್ಕೆ ಹೋದರು. ಹೊಲದಲ್ಲಿ ನನ್ನ ಮುಂದೆ ಬಂದು ನಿಂತಿದ್ದ ಹಿರಿಯಳು ಎಲ್ಲಿಗೆ ಹೋದಳೋ ತಿಳಿಯಲಿಲ್ಲ. ಆಕೆಯ ಮಾತಿಗೆ ಉತ್ತರ ನನಗೆ ಇನ್ನೂ ಸಿಕ್ಕಿಲ್ಲ.

ಮನೆಗೆ ಬಂದ ಮೇಲೆ ಒಂಟಿತನ ತೀರುತ್ತದೆ ಎಂದುಕೊಂಡಿದ್ದೆ. ಗಂಡ ಕಟಿಂಗ್ ಮೇಜಿನ ಮುಂದೆ ನಿಂತು ಕೇಳಿಸಿಕೊಳ್ಳುತ್ತಿದ್ದರು. ಆದರೆ ಆ ಹೊಲ, ಆ ಮೌನ ಅವರು ನೋಡಿದ್ದಲ್ಲ. ಹೇಳಿದಷ್ಟೂ ಅದು ನನ್ನೊಬ್ಬಳದೇ ಆಗುತ್ತಿತ್ತು. ಹೇಳುವುದನ್ನು ಬಿಟ್ಟೆ.

ಒಂದು ಮಧ್ಯಾಹ್ನ ಜೀನ್ಸ್ ಘಟಕವೊಂದರಲ್ಲಿ ಸೂಜಿಯ ತಡೆಗಳನ್ನು ನೋಡುತ್ತಿದ್ದಾಗ ಫೋನ್ ಬಂತು. ಗುರುತಿಲ್ಲದ ನಂಬರು. ಸದ್ದಿನಲ್ಲಿ ಕೇಳಿಸದೆ ಹೊರಗೆ ಬಂದು ಗೋಡೆಯ ನೆರಳಲ್ಲಿ ನಿಂತೆ.

“ಮೇಡಂ, ನಾನು” ಎಂದಳು. ದನಿಯಿಂದಲೇ ತಿಳಿಯಿತು. “ಪಕ್ಕದೂರಾಗೆ ಅವನ ಮಷಿನ್ ಬಂದಿತ್ತು. ನೋಡೋಕೆ ಹೋಗಿದ್ದೆ.”

“ಒಬ್ರೇ ಹೋಗಿದ್ರ್ಯಾ?”

“ಹೂಂ. ಊಟಕ್ಕೆ ಆಫ್ ಮಾಡಿದ್ರು. ಅವ್ನು ಇರ್ಲಿಲ್ಲ. ಹೆಂಗಸ್ರು ಹೊಸಬ್ರು, ನಾನ್ಯಾರು ಅಂತ ಗೊತ್ತಿಲ್ಲ. ಉದ್ದುಕ್ಕೆ ತಗಡು ಹಾಕ್ಸವ್ನೆ, ಬೋಲ್ಟ್ ಅಲ್ಲ, ವೆಲ್ಡಿಂಗೇ ಮಾಡ್ಸವ್ನೆ.” ಆಕೆಯ ಹಿಂದೆ ಎಲ್ಲೋ ಕುರಿಗಳ ಸದ್ದು ಕೇಳಿಸಿತು. “ಉಳಿದ ಕೈ ಇತ್ತಲ್ಲ, ಭುಜದವರ್ಗೂ ತೂರಿಸಿ ನೋಡ್ದೆ. ಹಲ್ಲಿಗೆ ಮುಟ್ಟಲ್ಲ ಮೇಡಂ.”